ಧಾರ್ಮಿಕ ಸಂಸ್ಥೆಗಳ ಆಸ್ಪತ್ರೆಗಳು ಸುತ್ತಲಿನ ಜನರ ಒಳಿತಿಗೆ ಹೇಗೆ ಹಣ ತೊಡಗಿಸುತ್ತವೆ?

ಚಿಕಿತ್ಸೆಯ ಜೊತೆಗೆ, ಕಾಯಿಲೆ ಹುಟ್ಟಿಸುವ ಬಡತನದ ಮೇಲೂ ಕೆಲಸ ಮಾಡುತ್ತವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿಎಂಸಿ) ಇದಕ್ಕೆ ಒಳ್ಳೆಯ ಉದಾಹರಣೆ. 1900ರಲ್ಲಿ ಮಿಷನರಿ ವೈದ್ಯೆ ಐಡಾ ಸ್ಕಡರ್ ಒಂದೇ ಹಾಸಿಗೆಯ ಕ್ಲಿನಿಕ್ಕಾಗಿ ಶುರು ಮಾಡಿದ್ದು. ಆಸ್ಪತ್ರೆಗೆ ಬರಲಾಗದವರಿಗಾಗಿ ಅವರೇ ಹಳ್ಳಿಗಳಿಗೆ ಹೋಗಿ, ರಸ್ತೆ ಬದಿಯಲ್ಲೇ ಔಷಧಿ ಕೊಡುತ್ತಿದ್ದರು.

1977ರಲ್ಲಿ ಸಿಎಂಸಿ ಹತ್ತಿರದ ಕೆ.ವಿ. ಕುಪ್ಪಂ ಬ್ಲಾಕಿನಲ್ಲಿ ‘ರುಹ್ಸಾ’ ಎಂಬ ಗ್ರಾಮೀಣ ಆರೋಗ್ಯ ಮತ್ತು ಸಮಾಜ ಸೇವೆಯ ಘಟಕ ತೆರೆಯಿತು. ಡಾ. ದಲೀಪ್ ಮುಖರ್ಜಿ ಅದನ್ನು ಕಟ್ಟಿದವರು. ಅಲ್ಲಿ ಹೆರಿಗೆ, ಲಸಿಕೆ ನೋಡಿಕೊಳ್ಳುವುದರ ಜೊತೆಗೆ ಯುವಕರಿಗೆ ಕಸುಬಿನ ತರಬೇತಿ, ಮಹಿಳೆಯರ ಸ್ವಸಹಾಯ ಸಂಘ, ವಯಸ್ಸಾದವರಿಗೆ ಮಧ್ಯಾಹ್ನದ ಊಟವೂ ಸೇರಿಕೊಂಡವು. ಮನೆಯಲ್ಲಿ ದುಡಿಮೆಯೇ ಇಲ್ಲದಿದ್ದರೆ ಬರೀ ಟಾನಿಕ್ ಕೊಟ್ಟು ಏನು ಪ್ರಯೋಜನ, ಅಲ್ವಾ?

ದುಡ್ಡು ಎಲ್ಲಿಂದ? ದೇಣಿಗೆ ಒಂದು ಪಾಲು. ಪೂರ್ತಿ ಶುಲ್ಕ ಕೊಡಬಲ್ಲ ರೋಗಿಗಳಿಂದ ಬಂದ ಹಣದಲ್ಲಿ ಬಡವರಿಗೆ ರಿಯಾಯಿತಿ ಸಿಗುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವ ಹೂಡಿಕೆ ಮನುಷ್ಯರದ್ದು. ಚರ್ಚುಗಳ ಪ್ರಾಯೋಜಕತ್ವದಲ್ಲಿ ಸಿಎಂಸಿಯಲ್ಲಿ ಓದಿದ ವೈದ್ಯರು ಆಮೇಲೆ 2 ವರ್ಷ ಮಿಷನ್ ಆಸ್ಪತ್ರೆಗಳಲ್ಲಿ ಸೇವೆ ಮಾಡಬೇಕು. ಅಂಥ ಎಷ್ಟೋ ಆಸ್ಪತ್ರೆಗಳಿರುವುದು ಬೇರೆ ಡಾಕ್ಟರು ಹೋಗಲು ಹಿಂಜರಿಯುವ ಊರುಗಳಲ್ಲಿ.