ಭಾರದ ಬ್ಯಾಗ್ ಹೊತ್ತು ಕೋಟೆ ಇಳಿವಾಗ ಮೊಣಕಾಲು ನೋವು: ಪ್ರತಿಕ್ರಿಯೆ

ಕೋಟೆ ಇಳಿವಾಗ ಮೊಣಕಾಲು ನೋಯ್ತದ, ಹೆಗಲು ಜೋಮು ಹಿಡೀತದ, ಏನ್ ಮಾಡ್ಲಿ ಅಂತ ಕೇಳೀರಿ. ಹಿಮಾಲಯ ಚಾರಣದ ತಯಾರಿಗಂತ ನೀವು ಮೊದಲ ದಿನಾನೇ 15 ಕೆಜಿ ಹೊತ್ತು ಯಾದಗಿರಿ ಕೋಟೆ ಹತ್ತಿ ಇಳಿದದ್ದೇ ಮೊಣಕಾಲು ನೋವಿಗೆ ಕಾರಣ ಇರಬೇಕು. ಹೆಗಲು ಜೋಮು ಹಿಡಿಯೋದು ಬಹುಶಃ ಬ್ಯಾಗಿನ ಸೊಂಟದ ಪಟ್ಟಿ ಸಡಿಲ ಇರೋದ್ರಿಂದ.

ನೋವು ಪೂರ್ತಿ ಹೋಗೋತನಕ ಬ್ಯಾಗ್ ಬ್ಯಾಡ, ಬರೇ ಸಪಾಟ ರಸ್ತೆ ನಡೀರಿ. ಆಮ್ಯಾಲ 5 ಕೆಜಿ, ವಾರಕ್ಕ ಮೂರು ಸಲ. ವಾರಕ್ಕ ಒಂದೇ ಕೆಜಿ ಏರಿಸ್ರಿ. ಎಂಟನೇ ವಾರಕ್ಕ 12 ಆಗ್ತದ, ಸಾಕು. ಮೊದಲು ಪಟ್ಟಿ ಸೊಂಟದ ಎಲುಬಿನ ಮ್ಯಾಲ ಕೂಡಿಸಿ ಬಿಗೀರಿ, ನಂತರ ಹೆಗಲಿಂದು ಎಳೀರಿ.

ಭಾರಕ್ಕ ಇಟ್ಟಂಗಿಗಿಂತ ನೀರಿನ ಬಾಟಲಿ ಛಲೋ. ಲೀಟರಿಗೆ ಒಂದು ಕೆಜಿ ಲೆಕ್ಕ. ಮ್ಯಾಲ ಚೆಲ್ಲಿ ಹಗುರಾಗಿ ಇಳೀಬಹುದು. ಬಾಟಲಿ ಬೆನ್ನಿಗೆ ಹತ್ತಿರ ಇಟ್ಟು ಸುತ್ತ ಚಾದರ ತುರುಕ್ರಿ, ಅಲುಗಾಡಿದ್ರ ಸೊಂಟ ಹಿಡೀತದ. ಇಳಿವಾಗ ಹೆಜ್ಜಿ ಸಣ್ಣದಿರಲಿ. ಮೊಣಕಾಲು ಬಾತಿದ್ರ ಮಾತ್ರ ಮೊದಲು ಎಲುಬಿನ ಡಾಕ್ಟರಿಗೆ ತೋರಸ್ರಿ.