ಓಣಿ ತುಂಬ ಡೆಂಗಿ, ಲೆಕ್ಕದಲ್ಲಿ ಮಾತ್ರ ಮೂರು

ಸಿಂಧನೂರಿನ ನಿಮ್ಮ ಒಂದೇ ಓಣಿಯಲ್ಲಿ ಏಳೆಂಟು ಮಂದಿಗೆ ಡೆಂಗಿ, ತಾಲ್ಲೂಕಿನ ಲೆಕ್ಕದಲ್ಲಿ ಮೂರೇ, ಮುಚ್ಚಿಡ್ತಿದ್ದಾರಾ ಅಂತ ಕೇಳಿದ್ದೀರಿ. ಮುಚ್ಚಿಡೋದಕ್ಕಿಂತ ಜಾಸ್ತಿ, ಕೇಸ್‌ಗಳು ಲೆಕ್ಕದ ಹತ್ತಿರಕ್ಕೇ ಬರುವುದಿಲ್ಲ ಸರ್.

ನಿಮ್ಮವರ ಲ್ಯಾಬ್ ಚೀಟಿ ತೆಗೆದು ನೋಡಿ. ‘ರ‍್ಯಾಪಿಡ್’ ಅಂತಲೋ ‘ಕಾರ್ಡ್’ ಅಂತಲೋ ಇದ್ದರೆ ಅದು ಸರ್ಕಾರದ ಲೆಕ್ಕಕ್ಕೆ ಖಚಿತ ಕೇಸ್ ಅಲ್ಲ. ಎಲಿಸಾ ಅನ್ನೋ ಲ್ಯಾಬ್ ರಕ್ತಪರೀಕ್ಷೆಯಲ್ಲಿ ಪಾಸಿಟಿವ್ ಬರಬೇಕು. ಅದಕ್ಕೂ ದಿನ ನೋಡಬೇಕು: ಜ್ವರ ಶುರುವಾಗಿ ಐದು ದಿನದೊಳಗೆ ಎನ್‌ಎಸ್‌1 (ವೈರಸ್ಸಿನ ಪ್ರೋಟೀನ್ ಹುಡುಕುವುದು), ಆಮೇಲೆ ಐಜಿಎಂ (ವೈರಸ್ ವಿರುದ್ಧ ಮೈಯಲ್ಲಿ ಹುಟ್ಟುವ ಪ್ರತಿಕಾಯ ಹುಡುಕುವುದು). ಮೂರನೇ ದಿನವೇ ಐಜಿಎಂ ಮಾಡಿಸಿದರೆ ರೋಗ ಇದ್ದರೂ ನೆಗೆಟಿವ್ ಬರಬಹುದು. ಇನ್ನು ಮೆಡಿಕಲ್ ಶಾಪಿನ ಗುಳಿಗೆ ನುಂಗಿ, ಆರ್‌ಎಂಪಿ (ಪದವಿಯಿಲ್ಲದ ಊರ ಡಾಕ್ಟರ್) ಹತ್ತಿರ ಸಲೈನ್ ಹಾಕಿಸಿಕೊಂಡು ಭತ್ತದ ನಾಟಿಗೆ ಹೋದವರನ್ನು ಯಾರು ಎಣಿಸಬೇಕು?

ಇದು ನಮ್ಮ ಜಿಲ್ಲೆಯದಷ್ಟೇ ಅಲ್ಲ. 2014ರ ಒಂದು ಅಧ್ಯಯನದ ಪ್ರಕಾರ, 2006ರಿಂದ 2012ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ ವರದಿಯಾಗಿದ್ದು ಸುಮಾರು 20 ಸಾವಿರ ಡೆಂಗಿ ಕೇಸ್, ನಿಜಕ್ಕೂ ಇದ್ದವು ಅಂತ ಅಂದಾಜಿಸಿದ್ದು ಸುಮಾರು 58 ಲಕ್ಷ. 282 ಪಟ್ಟು! (ಮಧುರೈ ಒಂದೇ ಜಿಲ್ಲೆಯ ಮಾಹಿತಿಯನ್ನು ದೇಶಕ್ಕೆಲ್ಲ ಹಿಗ್ಗಿಸಿದ್ದು, ಹಾಗಾಗಿ ಆ 282ನ್ನು ನಾನು ಕಣ್ಣುಮುಚ್ಚಿ ನಂಬಲ್ಲ. ಆದರೆ ಅಂತರ ದೊಡ್ಡದು ಅನ್ನೋದರಲ್ಲಿ ಅನುಮಾನ ಇಲ್ಲ.)

ಮತ್ತೆ ಯಾರಿಗಾದರೂ ಜ್ವರ ಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಎಲಿಸಾಗೆ ರಕ್ತ ಕಳಿಸಲು ಕೇಳಿ. ಕೇಸ್ ದಾಖಲಾದರೆ ಲಾರ್ವಾ ನೋಡುವವರು, ಫಾಗಿಂಗ್‌ನವರು ನಿಮ್ಮ ಓಣಿಗೆ ಬರಲು ದಾರಿಯಾಗುತ್ತದೆ.