ಜಗಲಿ ಕಚೇರಿ: ಅರಗಿನ ಮನೆಯಿಂದ ಆಲ್ಬರ್ಟ್ ಹಾಲಿನವರೆಗೆ

(ಸಂಗೀತದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮೈಸೂರಿನ ಒಂದು ಜಗಲಿಯಿಂದ ಉತ್ತರ)

ಪ್ರಶ್ನೆ: ಬೆಳಿಗ್ಗೆ ಮಲ್ಲಿಕಾರ್ಜುನ ಮನ್ಸೂರರು, ಸಂಜೆ ಯಕ್ಷಗಾನದ ಚೆಂಡೆ, ರಾತ್ರಿ ಇಯರ್‌ಫೋನಿನಲ್ಲಿ ಇಂಗ್ಲಿಷ್ ರಾಕ್. ಇದು ನನ್ನ ದಿನಚರಿ. ‘ಹತ್ತು ಮನೆ ಉಣ್ಣುವವನಿಗೆ ಯಾವ ಮನೆಯ ಸಾರಿನ ರುಚಿಯೂ ನೆನಪಿರುವುದಿಲ್ಲ’ ಎಂದು ಭಾವ ಹಂಗಿಸುತ್ತಾರೆ. ಏನು ಹೇಳಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಭಾವನವರೊಡನೆ ವಾದಕ್ಕೆ ಇಳಿಯಬೇಡಿ, ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂರಬೇಕಾದವರು. ನಮ್ಮೂರಿನ ಒಬ್ಬರ ಕಥೆ ಹೇಳಿ, ಸಾಕು.

ಜಯಚಾಮರಾಜ ಒಡೆಯರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಗಂಭೀರನಾಟ ರಾಗದ ‘ಶ್ರೀ ಜಾಲಂಧರಂ’ ಇವತ್ತಿಗೂ ಕಛೇರಿಗಳಲ್ಲಿ ಕೇಳುತ್ತದೆ. ಇದೇ ಒಡೆಯರಿಗೆ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಹುಚ್ಚು. ಆತ 1930ರ ದಶಕದಿಂದ ಲಂಡನ್ನಿನಲ್ಲಿ ನೆಲೆಸಿದ್ದ. ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಆರೋಗ್ಯವಿಲ್ಲ, ಅವನ ಶೈಲಿ ಹಳತಾಯಿತೆಂದು ಲೋಕ ಮುಖ ತಿರುಗಿಸಿತ್ತು. ಒಡೆಯರು ಹಣ ಕೊಟ್ಟರು. ಮೆಟ್ನರ್ ಹೆಸರಿನಲ್ಲೇ ಒಂದು ಸೊಸೈಟಿ ಹುಟ್ಟಿತು, ಅವನ ಕೃತಿಗಳನ್ನು ಅವನಿಂದಲೇ ನುಡಿಸಿ ಎಚ್‌ಎಂವಿ ಕಂಪನಿಯ ಗ್ರಾಮಫೋನ್ ಪ್ಲೇಟುಗಳನ್ನು ಹೊರತಂದಿತು. ಅವನ ಮೂರನೆಯ ಪಿಯಾನೋ ಕನ್ಚರ್ಟೊ, ಅಂದರೆ ಪಿಯಾನೋ ಜೊತೆಗೆ ವಾದ್ಯವೃಂದ ನುಡಿಸುವ ಕೃತಿ, ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ.

ಇನ್ನೊಂದು ಪ್ರಸಂಗವೂ ಇದೆ. 1950ರ ಮೇ 22, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಆತ ಮುಪ್ಪಿನಲ್ಲಿ ಬರೆದಿಟ್ಟ ಕೊನೆಯ ನಾಲ್ಕು ಹಾಡುಗಳನ್ನು ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅಂದು ಮೊದಲ ಬಾರಿಗೆ ಹಾಡಿದರು, ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಾರ್ಯಕ್ರಮಕ್ಕೆ 4,800 ಡಾಲರುಗಳ ಖಾತರಿ ಕೊಟ್ಟವರು ನಮ್ಮ ಒಡೆಯರು. ಧ್ವನಿಮುದ್ರಣ ಮೈಸೂರಿಗೆ ಬಂದು ಅರಮನೆಯ ಸಂಗ್ರಹ ಸೇರಿತು. ಅಲ್ಲಿ ಆಗ ಸುಮಾರು 20,000 ಪ್ಲೇಟುಗಳಿದ್ದವೆಂದು ಅಂದಾಜು. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕಳೆದ ನನಗೆ ಆ ಪೆಟ್ಟಿಗೆಯದೇ ಯೋಚನೆ. ಅದನ್ನು ಯಾರು ಹೊತ್ತರೋ, ಎಷ್ಟು ಹುಲ್ಲು ತುಂಬಿದ್ದರೋ, ಎಷ್ಟು ಕೈ ಬದಲಾಯಿತೋ!

ನಿಜ ಹೇಳಿಬಿಡುತ್ತೇನೆ: ಮೆಟ್ನರ್ ನನಗೆ ಹಿಡಿಸಲಿಲ್ಲ. ಮೂರು ಸಲ ಕೇಳಿದೆ, ಮೂರನೆಯ ಸಲ ಗೊರಕೆ ಹೊಡೆದೆನೆಂದು ಮನೆಯವಳ ದೂರು. ಸ್ಟ್ರಾಸನ ಆ ನಾಲ್ಕು ಹಾಡುಗಳಲ್ಲಿ ಸಂಜೆಗೆಂಪಿನದು ಒಂದಿದೆ. ಅದರ ಕೊನೆಯಲ್ಲಿ ಕೊಳಲುಗಳು ಜೋಡಿ ಹಕ್ಕಿಗಳ ಹಾಗೆ ಉಲಿದು ಸುಮ್ಮನಾಗುತ್ತವೆ. ಅಲ್ಲಿ ಮಾತ್ರ ಎದ್ದು ಕೂರುತ್ತೇನೆ. ಆಮೇಲೆ ‘ಶ್ರೀ ಜಾಲಂಧರಂ’ ಹಾಕಿದರೆ ಅದರ ರುಚಿಯೇನೂ ಕೆಟ್ಟಿರುವುದಿಲ್ಲ. ಭಾವನವರಿಗೆ ಇದನ್ನೂ ಹೇಳಿ.

ಪ್ರಶ್ನೆ: ತಂಬೂರಿಯ ನಾದ ಝೇಂಕರಿಸುವಂತೆ ಮಾಡುವುದು ಹೇಗೆಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ನೀವು ಸೋರೆಬುರುಡೆಯಿಂದ ಶುರುಮಾಡಿ ಸೋರೆಕಾಯಿ ಪಲ್ಯದಲ್ಲಿ ಮುಗಿಸಿದಿರಿ. ಕೇಳಿದ್ದಕ್ಕೆ ಉತ್ತರ ಹೇಳುವ ಅಭ್ಯಾಸವೇ ನಿಮಗಿಲ್ಲವೇ?
– ನಿವೃತ್ತ ಗಣಿತ ಶಿಕ್ಷಕರು, ದಾವಣಗೆರೆ

ಉತ್ತರ: ಇಲ್ಲ ಸಾರ್. ಆದರೆ ಪಲ್ಯ ಚೆನ್ನಾಗಿ ಬಂತೆಂದು ಇಬ್ಬರು ಬರೆದಿದ್ದಾರೆ.

ದೋಷ ನನ್ನೊಬ್ಬನದಲ್ಲ, ನಮ್ಮ ಜಗಲಿಯದು. ಭಾನುವಾರ ನಾಲ್ಕು ಗಂಟೆಗೆ ಇಲ್ಲಿ ನಾಲ್ವರು ಸೇರುತ್ತೇವೆ. ಹೊನ್ನಾವರದ ಕಡೆಯ ಡ್ರಾಯಿಂಗ್ ಮೇಷ್ಟ್ರು, ಅವರ ಪಾಲಿಗೆ ಭಾಗವತಿಕೆಯ ಆಚೆಗಿನದೆಲ್ಲ ಬರೀ ಸದ್ದು. ಎದುರು ರಸ್ತೆಯ ಸ್ಕೂಟರ್ ಮೆಕ್ಯಾನಿಕ್, ಗುಜರಿ ಅಂಗಡಿಗಳಿಂದ ಹಳೆಯ ಪ್ಲೇಟು ಹೆಕ್ಕಿ ತರುವವನು. ಪಕ್ಕದ ಮನೆಯ ಹುಡುಗಿ, ಎಂಜಿನಿಯರಿಂಗ್ ಓದುತ್ತಾಳೆ, ಮೊಬೈಲಿನಲ್ಲಿ ಜಗತ್ತಿನ ಗದ್ದಲವನ್ನೆಲ್ಲ ತುಂಬಿಕೊಂಡಿದ್ದಾಳೆ. ನಾಲ್ಕನೆಯವನು ನಾನು. ತಲೆಗೊಂದು ಹಾಡು, ಬೇರೆಯವರ ಹಾಡಿನ ನಡುವೆ ‘ನಿಲ್ಲಿಸಿ’ ಎನ್ನಬಾರದು. ಇರುವುದು ಇಷ್ಟೇ ಕಾನೂನು.

ಕಳೆದ ವಾರ ಮೆಕ್ಯಾನಿಕ್ ಉಸ್ತಾದ್ ಅಬ್ದುಲ್ ಕರೀಂ ಖಾನರ ಪ್ಲೇಟು ತಂದ. ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಉಸ್ತಾದರು, ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಅವರು ಹಾಡಿದ್ದು ಖರಹರಪ್ರಿಯದ ‘ರಾಮ ನೀ ಸಮಾನಮೆವರು’, ತ್ಯಾಗರಾಜರ ತೆಲುಗು ಕೃತಿ! ಮೈಸೂರು ಅರಮನೆಗೆ ಬಂದುಹೋಗುತ್ತಿದ್ದ ಉಸ್ತಾದರು ಕರ್ನಾಟಕ ಸಂಗೀತವನ್ನು ಮನಸಾರೆ ಮೆಚ್ಚಿಕೊಂಡಿದ್ದರು. ಅವರ ಉಚ್ಚಾರಣೆಗೆ ತೆಲುಗಿನವರು ನಕ್ಕಾರು, ಆ ಸ್ವರಕ್ಕೆ ನಗುವವರು ಯಾರೂ ಸಿಗಲಾರರು. ಮೇಷ್ಟ್ರು ಕೂಡ ಕಣ್ಣು ಮುಚ್ಚಿದ್ದರು.

ಮೂರೂಕಾಲು ನಿಮಿಷಕ್ಕೆ ಪ್ಲೇಟು ಮುಗಿಯಿತು. ಹುಡುಗಿ ಅದನ್ನು ಬೆರಳಿನಿಂದ ತಟ್ಟಿ, ‘ಇದು ಯಾವ ಪ್ಲಾಸ್ಟಿಕ್ ಅಂಕಲ್?’ ಎಂದಳು. ಪ್ಲಾಸ್ಟಿಕ್ ಅಲ್ಲ ಮಗೂ, ಅರಗು. ಮರದ ರೆಂಬೆಗಳ ಮೇಲೆ ಸಣ್ಣ ಕೀಟಗಳು ಸುರಿಸುವ ಅಂಟು. ಅದಕ್ಕೆ ಕಲ್ಲಿನ ಪುಡಿ ಬೆರೆಸಿ ಬಿಸಿಯಲ್ಲಿ ಒತ್ತಿದರೆ ಈ ಪ್ಲೇಟು. ಕೈ ಜಾರಿದರೆ ಹಪ್ಪಳ.

ಅರಗು ಎಂದ ಕೂಡಲೇ ಮೇಷ್ಟ್ರಿಗೆ ಜೀವ ಬಂತು. ವಾರಣಾವತ, ಪಾಂಡವರು, ಅರಗಿನ ಮನೆ, ವಿದುರ ಗುಟ್ಟಾಗಿ ತೋಡಿಸಿದ ಸುರಂಗ. ಎದ್ದು ನಿಂತು ಎರಡು ಪದ್ಯ ಹಾಡಿಯೇ ಬಿಟ್ಟರು. ಮೆಕ್ಯಾನಿಕ್ ಚನ್ನಪಟ್ಟಣದವನು. ‘ನಮ್ಮ ಗೊಂಬೆಗಳ ಬಣ್ಣವೂ ಅರಗೇ’ ಎಂದು ಶುರುಮಾಡಿದ. ಹಾಲೆ ಮರದ ತುಂಡು ಯಂತ್ರದಲ್ಲಿ ಗಿರಗಿರ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅದು ಕರಗಿ ಮೆತ್ತಿಕೊಳ್ಳುತ್ತದೆ, ಮೇಲೆ ತಾಳೆಗರಿಯಿಂದ ಉಜ್ಜಿದರೆ ಮಿಂಚು. ಹುಡುಗಿ ಅಷ್ಟರಲ್ಲಿ ಕಾಗದ ಪೆನ್ನು ಹಿಡಿದು, ದುರ್ಯೋಧನನ ಅರಗಿನ ಮನೆಯನ್ನು ಸುಡದೆ ಕಂಪನಿಗೆ ಮಾರಿದ್ದರೆ ಎಷ್ಟು ಪ್ಲೇಟು ಆಗುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದಳು. ಮನೆಗೆ ಎಷ್ಟು ಅಂಕಣ ಎಂಬಲ್ಲಿ ಮೇಷ್ಟ್ರಿಗೂ ಅವಳಿಗೂ ಜಗಳ ಹತ್ತಿಕೊಂಡಿತು. ಏಳು ಗಂಟೆಗೆ ದೀಪ ಹಾಕುವಾಗಲೇ ನೆನಪಾದದ್ದು, ಖಾನ್ ಸಾಹೇಬರ ಪ್ಲೇಟಿನ ಇನ್ನೊಂದು ಮಗ್ಗುಲು ಕೇಳಿಯೇ ಇಲ್ಲ.

ನಿಮ್ಮ ತಂಬೂರಿಯ ಪ್ರಶ್ನೆ ಇನ್ನೂ ಬಾಕಿ ಇದೆ, ಮರೆತಿಲ್ಲ. ತಂತಿಗಳನ್ನು ಹೊತ್ತ ಕುದುರೆಯ ಮೇಲೆ ತಂತಿಯ ಅಡಿಗೆ ಒಂದೆಳೆ ನೂಲು ಸಿಕ್ಕಿಸಿ ಅದನ್ನು ಹಿಂದೆ ಮುಂದೆ ಸರಿಸುತ್ತ ಹೋಗಿ. ಒಂದು ಜಾಗದಲ್ಲಿ ನಾದ ಇದ್ದಕ್ಕಿದ್ದಂತೆ ಬಿರಿಯುತ್ತದೆ. ಅಲ್ಲಿ ನಿಲ್ಲಿಸಿ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿದ್ದ ಹಳೆಯ ಹಿಂದೂಸ್ತಾನಿ ರಿಕಾರ್ಡಿನ ಕೊನೆಯಲ್ಲಿ ಹಾಡುಗಾರ್ತಿಯೇ ಇಂಗ್ಲಿಷಿನಲ್ಲಿ ಕೂಗಿ ಹೆಸರು ಹೇಳುತ್ತಾಳೆ. ಇಷ್ಟು ಜಂಬವೇ?
– ಗೃಹಿಣಿ, ಬಳ್ಳಾರಿ

ಉತ್ತರ: ಜಂಬವಲ್ಲ ತಾಯಿ, ವಿಳಾಸ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಆರಂಭವಾದಾಗ ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿದು ಸರಿಯಾದ ಚೀಟಿ ಅಂಟಿಸಲಿ ಎಂದು ಹಾಡು ಮುಗಿಯುತ್ತಲೇ ಹೆಸರು ಹೇಳಿಸುತ್ತಿದ್ದರು. ನಿಮ್ಮ ಪ್ಲೇಟಿನಲ್ಲಿರುವುದು ‘ಗೌಹರ್ ಜಾನ್’ ಎಂಬ ಹೆಸರಾದರೆ ಜೋಪಾನವಾಗಿಡಿ. ದೇಶವೆಲ್ಲ ಮೆರೆದ ಆಕೆ ಕೊನೆಗೆ ಅರಮನೆಯ ಆಶ್ರಯ ಅರಸಿ ನಮ್ಮೂರಿಗೆ ಬಂದರು, 1930ರ ಜನವರಿ 17ರಂದು ಇಲ್ಲೇ ತೀರಿಕೊಂಡರು. ಪ್ಲೇಟನ್ನು ಗ್ರಾಮಫೋನಿನ ಉಕ್ಕಿನ ಮುಳ್ಳಿನಲ್ಲಿ ಕೇಳುವುದಾದರೆ ಮಗ್ಗುಲಿಗೊಂದು ಹೊಸ ಮುಳ್ಳು. ಇದರಲ್ಲಿ ಜಿಪುಣತನ ಬೇಡ.

ಪ್ರಶ್ನೆ: ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷೇಧವಾಗಿತ್ತಂತೆ, ನಿಜವೇ?
– ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಜ. 1940ರಲ್ಲಿ ಹೊರಹಾಕಿದರು, ಮತ್ತೆ ಒಳಗೆ ಬಿಡಲು ಆರಂಭಿಸಿದ್ದು 1971ರಲ್ಲಿ. ಅದರ ಮನೆಗಳು, ಅಂದರೆ ಬೆರಳಿನಿಂದ ಒತ್ತುವ ಕೀಲಿಗಳು, ಗಟ್ಟಿ, ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ ಎಂಬುದು ಆಕ್ಷೇಪ. ನಮ್ಮ ಬೀದಿಯ ಭಜನಾ ಮಂಡಳಿಗೆ ಈ ಆಜ್ಞೆ ತಲುಪಿದಂತಿಲ್ಲ.

ಪ್ರಶ್ನೆ: ಸ್ಯಾಕ್ಸೊಫೋನಿನಲ್ಲಿ ಗಮಕ (ಸ್ವರದ ಓಲಾಟ) ಬರುವುದಿಲ್ಲ ಎಂದು ನಮ್ಮ ಪಾಠದ ಟೀಚರ್ ಹೇಳುತ್ತಾರೆ. ಹಾಗಾದರೆ ಕದ್ರಿಯವರು ನುಡಿಸಿದ್ದೇನು?
– ಓದುಗರೊಬ್ಬರು, ಪುತ್ತೂರು

ಉತ್ತರ: ಟೀಚರಿಗೆ ಬೇಸರವಾಗದಂತೆ ಹೇಳಿ: ಸುಲಭವಾಗಿ ಬರುವುದಿಲ್ಲ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ನಾಗಸ್ವರದ ಮನೆಯ ಹುಡುಗ ಕದ್ರಿ ಗೋಪಾಲನಾಥರು ಆ ವಾದ್ಯ ಕಂಡು ಮರುಳಾದದ್ದು ನಮ್ಮ ಅರಮನೆಯ ಬ್ಯಾಂಡಿನಲ್ಲಿ. ಅದನ್ನು ಪಳಗಿಸಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1994ರಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಎಲ್ಲಿ ಗೊತ್ತೇ? ಅದೇ ಆಲ್ಬರ್ಟ್ ಹಾಲ್! ಶಿರಸಿಯವರು ಇದನ್ನೂ ಭಾವನವರಿಗೆ ಓದಿ ಹೇಳಬಹುದು.

ಪ್ರಶ್ನೆ: ಅಮ್ಮ ಹಾಡಿದ ಸಂಪ್ರದಾಯದ ಹಾಡುಗಳ ಕ್ಯಾಸೆಟ್ಟು ಇಪ್ಪತ್ತು ವರ್ಷದಿಂದ ಬೀರುವಿನಲ್ಲಿದೆ. ಹಾಕಿದರೆ ಹರಿದೀತೆಂಬ ಭಯ.
– ಓದುಗರೊಬ್ಬರು, ಶಾರ್ಜಾ

ಉತ್ತರ: ಮೊದಲು ಬೆಳಕಿಗೆ ಹಿಡಿದು ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಬಲ್ಲವರ ಕೈಗೆ ಕೊಡಿ. ಇಲ್ಲವಾದರೆ ಪೆನ್ಸಿಲ್ ತೂರಿಸಿ ಸಡಿಲ ಬಿಗಿ ಮಾಡಿ, ಹಲ್ಲೆಣಿಸುವಷ್ಟು ನಿಧಾನವಾಗಿ. ಮೊದಲ ಸಲ ಹಾಕುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಎರಡನೆಯ ಅವಕಾಶ ಸಿಗದೆಯೂ ಹೋಗಬಹುದು. ಹಾಡಿನ ನಡುವೆ ಕುಕ್ಕರಿನ ಸೀಟಿ, ತರಕಾರಿಯವನ ಕೂಗು ಬಂದರೆ ಯಾರಾದರೂ ‘ಅಳಿಸಿ ಕೊಡುತ್ತೇನೆ’ ಎಂದಾರು. ಬೇಡ ಎನ್ನಿ.

ಒಂದು ಮನವಿ: ಕಳೆದ ಭಾನುವಾರ ಜಗಲಿಗೆ ಬಂದಿದ್ದ ಅತಿಥಿಯೊಬ್ಬರು ನನ್ನ ಗ್ರಾಮಫೋನ್ ಮುಳ್ಳಿನ ಡಬ್ಬಿಯನ್ನು ನಶ್ಯದ ಡಬ್ಬಿಯೆಂದು ಜೇಬಿಗೆ ಹಾಕಿಕೊಂಡು ಹೋಗಿದ್ದಾರೆ. ಮೂಗಿಗೆ ಏರಿಸುವ ಮೊದಲು ತಂದುಕೊಡಬೇಕು. ಖಾನ್ ಸಾಹೇಬರ ಇನ್ನೊಂದು ಮಗ್ಗುಲು ಕಾಯುತ್ತಿದೆ.